ನಾಟಕ ನೋಡಿಬಂದ ಮರುದಿನ

ಸುರಪುರ ತಾಲ್ಲೂಕಿನ ದೇವಾಪುರದ ಕಡೆಯ ಊರುಗಳಲ್ಲಿ ರಾತ್ರಿಯಿಡೀ ದೊಡ್ಡಾಟ ನಡೆದ ಮರುದಿನ ಹಿರಿಯರು ನಿದ್ದೆಗಣ್ಣಿನಲ್ಲೇ ಹೊಲದ ದಾರಿ ಹಿಡಿದಿರುತ್ತಾರೆ. ಮಕ್ಕಳು ಮಾತ್ರ ಅಗಸಿಯ ಕಟ್ಟೆಯ ಮೇಲೆ ಎರಡನೆಯ ಆಟವನ್ನು ಹೂಡಿರುತ್ತಾರೆ. ಜೋಳದ ದಂಟೇ ಖಡ್ಗ, ಹಳೆಯ ರಟ್ಟೇ ಕಿರೀಟ. ಬಭ್ರುವಾಹನನಿಗೂ ಅರ್ಜುನನಿಗೂ ಮತ್ತೊಮ್ಮೆ ಕಾಳಗ. ಜೈಮಿನಿ ಭಾರತದ ಲಕ್ಷ್ಮೀಶ ಕವಿಯ ದೇವಪುರ ಯಾವುದೆಂಬ ವಾದದಲ್ಲಿ ಕಡೂರು ತಾಲ್ಲೂಕಿನ ದೇವನೂರಿನ ಜೊತೆಗೆ ಈ ಸೀಮೆಯ ಹೆಸರೂ ಬರುವುದುಂಟು. ಆ ವಾದವನ್ನು ಪಂಡಿತರಿಗೆ ಬಿಡೋಣ. ಕಟ್ಟೆಯ ಮೇಲಿನ ಮಕ್ಕಳಿಗೆ ಆ ಆಟವನ್ನು ಯಾರೂ ಹೇಳಿಕೊಟ್ಟಿಲ್ಲ, ಅಂಕ ಕೊಡುವವರೂ ಯಾರಿಲ್ಲ ಎಂಬುದಷ್ಟೇ ಇಲ್ಲಿ ನಮಗೆ ಮುಖ್ಯ.

ಇದೇ ಮಕ್ಕಳು ಶಾಲೆಯ ಮೂಲಕ ನಾಟಕ ನೋಡಿ ಬಂದಾಗ ಏನಾಗುತ್ತದೆ? ನಮ್ಮದೇ ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕು. ನಾವು ಈ ಭಾಗದ ಒಂದು ಹಳ್ಳಿಯಲ್ಲಿ ಶಿಕ್ಷಕರಾಗಿದ್ದಾಗ, ಬಿ.ವಿ. ಕಾರಂತರು ಮಕ್ಕಳಿಗಾಗಿ ರೂಪಿಸಿದ ‘ಪಂಜರ ಶಾಲೆ’ ನಾಟಕವನ್ನು ತೋರಿಸಲು ಏಳನೆಯ ತರಗತಿಯನ್ನು ಕರೆದೊಯ್ದಿದ್ದೆವು. ರವೀಂದ್ರನಾಥ ಠಾಕೂರರು 1918ರಲ್ಲಿ ಬರೆದ ಗಿಣಿಯ ಕಥೆಯೇ ಅದರ ಮೂಲ. ಹಾಡಿಕೊಂಡು ಕುಣಿದುಕೊಂಡಿದ್ದ ಗಿಣಿಗೆ ವಿದ್ಯೆ ಕಲಿಸಬೇಕೆಂದು ರಾಜನ ಅಪ್ಪಣೆಯಾಗುತ್ತದೆ. ಚಿನ್ನದ ಪಂಜರ ಸಿದ್ಧವಾಗುತ್ತದೆ; ಪಂಡಿತರು ಬರುತ್ತಾರೆ; ಗ್ರಂಥಗಳ ರಾಶಿ ಬೆಳೆಯುತ್ತದೆ; ಮೇಲ್ವಿಚಾರಕರ ಸಂಪತ್ತೂ ಬೆಳೆಯುತ್ತದೆ. ಹಾಳೆಗಳನ್ನು ಗಂಟಲಿಗೆ ತುರುಕಿಸಿಕೊಂಡ ಗಿಣಿ ಕಥೆಯ ಕೊನೆಗೆ ಸತ್ತಿರುತ್ತದೆ. ರಾಜ ಒತ್ತಿ ನೋಡಿದರೆ ಅದರ ಹೊಟ್ಟೆಯೊಳಗಿನ ಕಾಗದ ಸರಸರ ಸದ್ದು ಮಾಡುತ್ತದೆ.

ಮರುದಿನ ತರಗತಿಗೆ ಹೋಗಿ ನಾವು ಕರಿಹಲಗೆಯ ಮೇಲೆ ಹತ್ತು ಪ್ರಶ್ನೆ ಬರೆದೆವು. ನಾಟಕಕಾರರು ಯಾರು? ಮುಖ್ಯ ಪಾತ್ರಗಳನ್ನು ಹೆಸರಿಸಿ. ಕಥಾಸಾರ ಬರೆಯಿರಿ. ಇದರಿಂದ ಕಲಿಯುವ ನೀತಿ ಏನು? ನೀತಿಗೆ ಎರಡು ಅಂಕ. ಹಿಂದಿನ ಸಂಜೆ ದಾರಿಯುದ್ದಕ್ಕೂ ಗಿಣಿಯಂತೆ ಕೂಗುತ್ತ ಬಂದಿದ್ದ ಮಕ್ಕಳು ಮುಖ ಬಾಡಿಸಿಕೊಂಡು ಬರೆಯತೊಡಗಿದರು. ಹುಡುಗನೊಬ್ಬ ಎದ್ದು, “ಗುರುಗಳ, ನಿನ್ನೆ ಗಿಣಿಗೆ ಹಾಳಿ ತಿನ್ನಿಸಿದ್ರಲ್ರಿ, ಇದೂ ಹಂಗೇನ್ರಿ?” ಎಂದ. ಉಳಿದವರು ನಕ್ಕರು. ನಮಗೆ ನಗು ಬರಲಿಲ್ಲ. ಪ್ರಶ್ನೆಗಳನ್ನು ಒರೆಸಿದೆವು.

ಒರೆಸಿದ್ದಾಯಿತು, ಮುಂದೇನು ಮಾಡಬೇಕೆಂದು ತಿಳಿಯಲಿಲ್ಲ. ಆಗ ನೆರವಿಗೆ ಬಂದದ್ದು ನಮ್ಮ ದೊಡ್ಡಾಟವೇ. ಅಲ್ಲಿ ಪಾತ್ರ ಅಟ್ಟವನ್ನೇರಿದೊಡನೆ ಸಾರಥಿ ಎದುರಾಗಿ, ತಾವು ಯಾರು, ಯಾವ ಊರಿನವರು, ಬಂದ ಕಾರಣವೇನು ಎಂದು ವಿಚಾರಿಸುತ್ತಾನಷ್ಟೆ. ಒಂದು ಕುರ್ಚಿಯನ್ನು ಮುಂದಿಟ್ಟು, ಅದರಲ್ಲಿ ಕೂತವರು ನಾಟಕದ ಯಾವುದಾದರೊಂದು ಪಾತ್ರ, ಕೆಳಗಿರುವ ಮಕ್ಕಳೆಲ್ಲರೂ ಸಾರಥಿಗಳು ಎಂದು ನೇಮಿಸಿದೆವು. ಕುರ್ಚಿಯಲ್ಲಿ ಕೂತವರು ನಾಟಕದ ಮಾತನ್ನು ಒಪ್ಪಿಸಬೇಕಾಗಿಲ್ಲ. ಆ ಪಾತ್ರವಾಗಿ ತಮಗೆ ತೋಚಿದ ಉತ್ತರ ಕೊಟ್ಟರೆ ಸಾಕು. ಮೊದಲು ರಾಜ ಬಂದು ಕೂತ. “ಗಿಣಿನ್ನ ಒಮ್ಮಿಯರ ಕೇಳಿದ್ಯೇನಪಾ, ನಿನಗ ಏನು ಕಲೀಬೇಕಾಗೇದಂತ?” ಎಂಬ ಪ್ರಶ್ನೆಗೆ ಅವನ ಬಳಿ ಉತ್ತರವಿರಲಿಲ್ಲ. ಪಂಜರ ಮಾಡಿದ ಅಕ್ಕಸಾಲಿಗನಾಗಿ ಬಂದವನು ಮಾತ್ರ ಜಾಣ: “ನಾ ಕೂಲಿ ಮಾಡಿದವ, ಒಳಗ ಯಾರ್ನ ಹಾಕ್ತಾರಂತ ನಾ ಕೇಳಂಗಿಲ್ಲ” ಎಂದ. ಈ ಒಂದು ಮಾತಿನ ಮೇಲೆ ಇಡೀ ಅವಧಿ ಚರ್ಚೆ ನಡೆಯಿತು. ಕಥಾಸಾರ ಬರೆಸಿದ್ದರೆ ಅಕ್ಕಸಾಲಿಗನ ಹೆಸರೂ ಬರುತ್ತಿರಲಿಲ್ಲ.

ಪಾತ್ರವನ್ನು ಕುರ್ಚಿಯಲ್ಲಿ ಕೂರಿಸಿ ಪ್ರಶ್ನಿಸುವ ಈ ಕ್ರಮ ಇಂಗ್ಲೆಂಡಿನ ಶಾಲೆಗಳಲ್ಲಿಯೂ ರೂಢಿಯಲ್ಲಿದೆಯೆಂದು ಆಮೇಲೆ ಓದಿ ತಿಳಿದೆವು. ಅಲ್ಲಿನ ಕವೆಂಟ್ರಿ ನಗರದ ಬೆಲ್‌ಗ್ರೇಡ್ ರಂಗಮಂದಿರದವರು 1965ರಲ್ಲಿಯೇ ನಟರ ತಂಡವನ್ನು ಶಾಲೆಗಳಿಗೆ ಕಳುಹಿಸಿ ನಾಟಕವನ್ನು ಕಲಿಕೆಗೆ ಜೋಡಿಸಿದರು. ನಮ್ಮ ದೇಶದ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ನಾಟಕ ಶಾಲೆಯ ಕಲಿಕೆಯ ಭಾಗವಾಗಬೇಕೆಂದು ಹೇಳಿತು. ಚೌಕಟ್ಟು ಹೇಳಿದ್ದು ಹಳ್ಳಿಯ ತರಗತಿಗೆ ತಲುಪುವ ಬಗೆ ಓದುಗರಿಗೆ ತಿಳಿಯದ್ದೇನಲ್ಲ.

ಎಲ್ಲ ಮಕ್ಕಳೂ ಕುರ್ಚಿ ಏರುವುದಿಲ್ಲ. ಬಾಯಿ ಬಿಡದವರಿಗೆ ಬೇರೆ ಕೆಲಸ ಬೇಕು. ನಾಟಕದಲ್ಲಿ ಕೇಳಿದ ಸದ್ದುಗಳನ್ನು ನೆನಪಿನಿಂದ ಮತ್ತೆ ಹೊರಡಿಸಲಿ. ಬೆಳಕು ಎಲ್ಲಿ ಕಡಿಮೆಯಾಯಿತೆಂದು ಹೇಳಲಿ. ರಂಗದ ಚಿತ್ರ ಬರೆಯಲಿ. ಒಂದು ದೃಶ್ಯವನ್ನು ಮಾತಿಲ್ಲದೆ ಕಲ್ಲಿನ ಬೊಂಬೆಗಳಂತೆ ನಿಂತು ತೋರಿಸುವುದು ಸಣ್ಣವರಿಗೆ ಬಹಳ ಇಷ್ಟ. ಕೊನೆಯನ್ನು ಬದಲಿಸಿ ಆಡಿಸಬಹುದು, ಆದರೆ ಬದಲಿಸಿದ್ದೇಕೆಂದು ಕೇಳಲೇಬೇಕು. ಇಲ್ಲವಾದರೆ ಎಲ್ಲ ನಾಟಕವೂ ಮದುವೆಯಲ್ಲಿಯೇ ಮುಗಿಯುತ್ತದೆ! ಬರವಣಿಗೆಯನ್ನು ಬಿಡಬೇಕೆಂದು ನಾವು ಹೇಳುತ್ತಿಲ್ಲ. ಅದು ಮೂರನೆಯ ದಿನ ಬರಲಿ, ಒಂದು ಪಾತ್ರಕ್ಕೆ ಬರೆದ ಪತ್ರವಾಗಿ ಬರಲಿ.

ನೀನಾಸಂ ತಿರುಗಾಟ 1985ರಿಂದ, ಸಾಣೇಹಳ್ಳಿಯ ಶಿವಸಂಚಾರ 1997ರಿಂದ ಊರೂರಿಗೆ ನಾಟಕಗಳನ್ನು ಹೊತ್ತು ತಂದಿವೆ. ಇಂಥ ತಂಡಗಳು ಸಮೀಪದ ಊರಿಗೆ ಬಂದಾಗ ಪ್ರದರ್ಶನದ ನಂತರ ಅರ್ಧ ಗಂಟೆ ಮಕ್ಕಳೊಡನೆ ಕೂತುಕೊಳ್ಳಿರೆಂದು ನಟರನ್ನು ಕೇಳಿಕೊಳ್ಳಬೇಕು. ಬಣ್ಣ ಅಳಿಸುತ್ತಿರುವ ರಾಜನನ್ನು ಹತ್ತಿರದಿಂದ ಕಂಡ ಮಗುವಿನ ಪ್ರಶ್ನೆಗಳೇ ಬೇರೆ. ಮನೆಯಲ್ಲಿ ತಾಯಂದಿರು “ಏನು ಕಲಿತಿ?” ಎನ್ನುವ ಬದಲು “ನಿನಗ ಯಾರ ಮ್ಯಾಲ ಸಿಟ್ಟು ಬಂತು?” ಎಂದು ಕೇಳಿ ನೋಡಲಿ.

ನಮ್ಮ ಆ ತರಗತಿಯಲ್ಲಿ ಗಿಣಿಗೆ ಪತ್ರ ಬರೆಸಿದಾಗ ಹುಡುಗಿಯೊಬ್ಬಳು ಗಿಣಿಗೆ ಬರೆಯದೆ ತನ್ನ ಗೆಳತಿಗೆ ಬರೆದಿದ್ದಳು. ಆ ಗೆಳತಿ ಹತ್ತಿ ಬಿಡಿಸಲು ಹೋಗಿ ವಾರಗಳೇ ಆಗಿದ್ದವು, ನಾಟಕವನ್ನೂ ನೋಡಿರಲಿಲ್ಲ. ಗಿಣಿ ಶಾಲೆಯ ಒಳಗೆ ಕೆಟ್ಟಿತು, ನೀನು ಹೊರಗೆ ಕೆಡುತ್ತಿದ್ದೀಯಲ್ಲ, ಎರಡರಲ್ಲಿ ಯಾವುದು ಮೇಲು ಎಂಬುದು ಆ ಪತ್ರದ ತಾತ್ಪರ್ಯ. ಪತ್ರವನ್ನು ಹಿಡಿದು ನಾವೇ ಆ ಮನೆಗೆ ಹೋದೆವು. ಸುಗ್ಗಿ ಮುಗಿಯಲಿ ಎಂದರು ತಂದೆ. ಆಕೆ ಬಂದದ್ದು ಸಂಕ್ರಾಂತಿ ಕಳೆದ ಮೇಲೆ.

ಬಂದ ದಿನ ಮಕ್ಕಳು ಆಕೆಗೆ ಕಥೆಯನ್ನೆಲ್ಲ ಆಡಿ ತೋರಿಸಿದರು. ಕುರ್ಚಿ ಮತ್ತೆ ಮುಂದೆ ಬಂತು, ರಾಜ ಕೂತ. ಸಾರಥಿಯ ಸರದಿ ಆಕೆಯದಾಯಿತು. ಬಹಳ ಹೊತ್ತು ಸುಮ್ಮನಿದ್ದು, ಹತ್ತಿಯ ಸಿಪ್ಪೆ ತಾಗಿ ಗೀರು ಬಿದ್ದಿದ್ದ ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೇಳಿದಳು: “ನಿನ್ನ ಮಕ್ಕಳು ಎಲ್ಲಿ ಕಲೀತಾವ ರಾಜಾ?”