ವನರಾಣಿ ಮತ್ತೆ ಹಳಿಯೇರಿದ್ದು ಸರಿಯೇ?

ಮುಂಬೈನ ಬೊರಿವಲಿಯಲ್ಲಿರುವ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ 1970ರ ದಶಕದಿಂದ ಮಕ್ಕಳನ್ನು ಹೊತ್ತು ಓಡಿದ ಪುಟಾಣಿ ರೈಲು ‘ವನರಾಣಿ’. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಅದರ ಹಳಿಗಳನ್ನು ಹಾಳುಗೆಡವಿತು, ರೈಲು ನಿಂತಿತು. 2025ರಲ್ಲಿ ಬ್ಯಾಟರಿ ಎಂಜಿನ್ ಹೊತ್ತು, ದೊಡ್ಡ ಗಾಜಿನ ಕಿಟಕಿಗಳ ಬೋಗಿಗಳೊಂದಿಗೆ ಮರಳಿತು. ಸುಮಾರು 2.3 ಕಿ.ಮೀ. ಹಾದಿಯ ಈ ಆಟದ ರೈಲಿಗೆ ಮರುಜೀವ ಕೊಡಬೇಕಿತ್ತೇ?

ಪರ: ಬಡವರ ಮಕ್ಕಳಿಗೂ ಒಂದು ಸವಾರಿ ಬೇಕು

ಬೊರಿವಲಿ ಪಕ್ಕದ ಗೊರಾಯಿಯಲ್ಲಿ 1989ರಲ್ಲಿ ತೆರೆದ ಮನರಂಜನಾ ಪಾರ್ಕು ಎಸ್ಸೆಲ್‌ವರ್ಲ್ಡ್ 2022ರಲ್ಲಿ ಬಾಗಿಲು ಹಾಕಿತು. ಖಾಸಗಿ ಪಾರ್ಕು ಲೆಕ್ಕಾಚಾರ ತಪ್ಪಿದರೆ ಮುಚ್ಚುತ್ತದೆ, ಅದನ್ನು ಪ್ರಶ್ನಿಸುವ ಹಕ್ಕು ಯಾರಿಗೂ ಇಲ್ಲ. ವನರಾಣಿ ಸಾರ್ವಜನಿಕ ಉದ್ಯಾನದ್ದು. ನಾಸಿಕದಾಚೆಯ ಪಿಂಪಳಗಾಂವ್ ಬಸವಂತದಿಂದ ಮಕ್ಕಳನ್ನು ಕಟ್ಟಿಕೊಂಡು ಮುಂಬೈ ನೋಡಲು ಬರುವ ದ್ರಾಕ್ಷಿ ತೋಟದ ಕೂಲಿಕಾರರೂ ಇದನ್ನು ತಮ್ಮದೆನ್ನಬಹುದು. ಬೆಂಗಳೂರಿನ ಕಬ್ಬನ್ ಪಾರ್ಕಿನ ಪುಟಾಣಿ ಎಕ್ಸ್‌ಪ್ರೆಸ್ ಹತ್ತಿ ಬೆಳೆದವರಿಗೆ ಇದರ ಬೆಲೆ ಹೇಳಿಕೊಡಬೇಕಿಲ್ಲ.

ಹೊರದೇಶಗಳೂ ಇಂಥ ಹಳೆಯ ಸವಾರಿಗಳನ್ನು ಉಳಿಸಿಕೊಂಡಿವೆ. ಅಮೆರಿಕದ ಆಲ್ಟೂನಾದಲ್ಲಿ 1902ರಲ್ಲಿ ಕಟ್ಟಿದ ‘ಲೀಪ್ ದ ಡಿಪ್ಸ್’ ರೋಲರ್ ಕೋಸ್ಟರ್ 1985ರಲ್ಲಿ ನಿಂತು 1999ರಲ್ಲಿ ಮತ್ತೆ ಓಡಿತು. ಇಂಗ್ಲೆಂಡಿನ ಮಾರ್ಗೇಟ್‌ನಲ್ಲಿ 1920ರ ‘ಸೀನಿಕ್ ರೈಲ್ವೆ’ 2008ರಲ್ಲಿ ಬೆಂಕಿಗೆ ತುತ್ತಾದರೂ 2015ರಲ್ಲಿ ಮತ್ತೆ ತೆರೆಯಿತು. ವನರಾಣಿಗೆ ಬ್ಯಾಟರಿ ಎಂಜಿನ್ ಬಂದದ್ದರಿಂದ ಕಾಡಿನೊಳಗೆ ಡೀಸೆಲ್ ಹೊಗೆಯೂ ಇಲ್ಲ.

ವಿರೋಧ: ಕಾಡು ಆಟದ ಬಯಲಲ್ಲ

ಉದ್ಯಾನದ ಸುತ್ತ ಮಹಾನಗರ ಒತ್ತಿಕೊಂಡಿದೆ, ಒಳಗೆ ಚಿರತೆಗಳು ಬದುಕುತ್ತಿವೆ. ತುಳಸಿ, ವಿಹಾರ್ ಕೆರೆಗಳು ಇಲ್ಲಿಂದಲೇ ನಗರಕ್ಕೆ ನೀರು ಕೊಡುತ್ತಿವೆ. ಇಂಥ ನೆಲದಲ್ಲಿ ಜನಸಂದಣಿ ಸೆಳೆಯುವ ಕೆಲಸವನ್ನು ಹೊಸದಾಗಿ ಹಚ್ಚಿಕೊಳ್ಳುವುದೇಕೆ? ಕಬ್ಬನ್ ಪಾರ್ಕು ಊರ ನಡುವಿನ ತೋಟ, ಬೊರಿವಲಿಯದು ಕಾಡು.

ಮಾಥೆರಾನ್ ಗಿರಿಧಾಮದ 1907ರ ರೈಲನ್ನು ಉದಾಹರಣೆಗೆ ತಂದರೂ ಇಲ್ಲಿ ಸಲ್ಲದು. 2016ರಲ್ಲಿ ಹಳಿ ತಪ್ಪಿ ನಿಂತು, 2019ರ ಮಳೆಗೆ ಹಳಿ ಕೊಚ್ಚಿಹೋಗಿ ಮತ್ತೆ ನಿಂತು, 2022ರಲ್ಲಿ ಮರಳಿದ ಆ ರೈಲು ಮೋಟಾರು ವಾಹನಗಳಿಗೆ ಪ್ರವೇಶವಿಲ್ಲದ ಊರಿಗೆ ಸಂಚಾರದ ದಾರಿ. ವನರಾಣಿಗೆ ಅಂಥ ಅಗತ್ಯವಿಲ್ಲ. ಮುಂದಿನ ಚಂಡಮಾರುತ ಬಂದರೆ ಮತ್ತೆ ಅದೇ ಖರ್ಚು. ಅದೇ ಹಣದಲ್ಲಿ ಅರಣ್ಯ ಸಿಬ್ಬಂದಿಯ ಕೈ ಬಲಪಡಿಸಬಹುದಿತ್ತು. ಕಾಡು ನೋಡಲು ಬಂದ ಮಗು ಕಾಲ್ನಡಿಗೆಯಲ್ಲಿ ನೋಡಲಿ, ಹಕ್ಕಿಯ ದನಿ ಕೇಳಲಿ.

ತೀರ್ಮಾನ

ಎರಡೂ ವಾದ ತೂಗಿ ನೋಡಿದರೆ ನನ್ನ ಮತ ರೈಲಿನ ಪರ. ಹಳೆಯ ಹಾದಿಯಲ್ಲೇ ಓಡುವ ರೈಲು ಕಾಡನ್ನು ಹೊಸದಾಗಿ ಕಬಳಿಸುವುದಿಲ್ಲ. ಈ ರೈಲಿನಲ್ಲಿ ಕುಳಿತು ಮೊದಲ ಬಾರಿ ಜಿಂಕೆ ಕಂಡ ಮಗು ನಾಳೆ ಆ ಕಾಡಿನ ಪರ ಮಾತಾಡೀತು. ಆದರೆ ವಿರೋಧಿಗಳ ಎಚ್ಚರಿಕೆಯನ್ನು ಷರತ್ತಾಗಿ ಒಪ್ಪಲೇಬೇಕು: ಹಾದಿ ಒಂದಡಿಯೂ ಬೆಳೆಯಕೂಡದು, ಕತ್ತಲಾದ ಮೇಲೆ ಓಡಕೂಡದು, ಟಿಕೆಟ್ ಹಣದ ಒಂದು ಪಾಲು ಹಳಿಯ ದುರಸ್ತಿಗೇ ಮೀಸಲಿರಬೇಕು. ಮಕ್ಕಳ ಸವಾರಿಗಳು ನಿಲ್ಲುವುದು ಬಿರುಗಾಳಿಯೊಂದರಿಂದಲೇ ಅಲ್ಲ, ಉದ್ಘಾಟನೆಯ ಮರುದಿನದಿಂದ ಶುರುವಾಗುವ ಅಲಕ್ಷ್ಯದಿಂದಲೂ. ಹಳಿ, ಬ್ರೇಕುಗಳ ತಪಾಸಣೆ ನಡೆದ ದಿನಾಂಕವನ್ನು ಉದ್ಯಾನದ ಆಡಳಿತ ನಿಲ್ದಾಣದ ಫಲಕದಲ್ಲೇ ಬರೆಯಲಿ. ಮಗುವಿನ ಕೈಹಿಡಿದು ಹತ್ತುವ ಪ್ರತಿಯೊಬ್ಬರೂ ಅದನ್ನು ಕೇಳಿ ಪಡೆಯಲಿ.