ಬಿಸಿಲು ತಿಂದು ನಡೆಯುವ ದೋಣಿ

ಪುಟಾಣಿಗಳೇ, ಅವರ ಜೊತೆ ಕೂತು ಓದುತ್ತಿರುವ ಅಜ್ಜ-ಅಜ್ಜಿಯರೇ, ಈ ವಾರ ನಮ್ಮ ಕೆಲಸ ನೀರಿನ ಮೇಲೆ. ಪೆಟ್ರೋಲ್ ಬೇಡ, ಹುಟ್ಟು ಬೇಡ, ಸೆಲ್ಲೂ ಬೇಡ. ಬಿಸಿಲೊಂದಿದ್ದರೆ ಸಾಕು ಅನ್ನುವ ದೋಣಿಯೊಂದನ್ನು ಮಾಡೋಣ. ಆರನೇ ಕ್ಲಾಸಿನ ನನ್ನ ಮೊಮ್ಮಗಳೂ ನಾನೂ ರಜೆಯಲ್ಲಿ ಇದನ್ನು ಮಾಡಿ, ಹಿತ್ತಲಿನ ಸಿಮೆಂಟ್ ತೊಟ್ಟಿಯಲ್ಲಿ ಬಿಟ್ಟು ನೋಡಿದ್ದೇವೆ.

ದೋಣಿಯ ಮೈಗೆ ಒಂದು ಲೀಟರಿನ ಎರಡು ಖಾಲಿ ಬಾಟಲಿ ಸಾಕು. ಮುಚ್ಚಳ ಬಿಗಿಯಾಗಿರಲಿ. ನಾಲ್ಕು ಬೆರಳಿನಷ್ಟು ಅಂತರ ಬಿಟ್ಟು ಅಕ್ಕಪಕ್ಕ ಮಲಗಿಸಿ, ಮೇಲೆ ಥರ್ಮಾಕೋಲ್ ತುಂಡೊಂದನ್ನಿಟ್ಟು ಟೇಪ್ ಸುತ್ತಿ. ಒಂದೇ ಬಾಟಲಿಯಾದರೆ ಉರುಳುತ್ತದೆ. ಕಾಲು ಅಗಲಿಸಿ ನಿಂತವರನ್ನು ಬೀಳಿಸುವುದು ಕಷ್ಟ ತಾನೇ? ಇದೂ ಹಾಗೆಯೇ.

ಹಳೆಯ ಡಿ.ವಿ.ಡಿ. ಪ್ಲೇಯರಿನ ಪುಟ್ಟ ಮೋಟಾರ್ ಸಿಕ್ಕರೆ ಬಹಳ ಒಳ್ಳೆಯದು. ಕಡಿಮೆ ಕರೆಂಟಿಗೇ ತಿರುಗುತ್ತದೆ. ಅದಕ್ಕೆ ಆಟಿಕೆಯ ಫ್ಯಾನ್ ರೆಕ್ಕೆ ಸಿಕ್ಕಿಸಿ, ದೋಣಿಯ ಹಿಂಭಾಗದಲ್ಲಿ ಐಸ್‌ಕ್ರೀಮ್ ಕಡ್ಡಿಗಳ ಮೇಲೆ ಎತ್ತರಕ್ಕೆ ಕಟ್ಟಿ. ಫ್ಯಾನು ಗಾಳಿಯನ್ನು ಹಿಂದಕ್ಕೆ ತಳ್ಳುತ್ತದೆ, ದೋಣಿ ಮುಂದಕ್ಕೆ ಹೋಗುತ್ತದೆ. ನಡುವೆ 6 ವೋಲ್ಟ್, 1 ವ್ಯಾಟಿನ ಸೋಲಾರ್ ಪ್ಯಾನೆಲ್ ಅಂಟಿಸಿ ಎರಡು ವೈರ್ ಜೋಡಿಸಿದರೆ ಮುಗಿಯಿತು. ದೋಣಿ ಹಿಂದಕ್ಕೆ ಹೋಯಿತೇ? ವೈರ್‌ಗಳನ್ನು ಅದಲುಬದಲು ಮಾಡಿ.

ಮಧ್ಯಾಹ್ನದ ಒಳ್ಳೆಯ ಬಿಸಿಲು ಒಂದು ಚದರ ಮೀಟರ್ ಜಾಗಕ್ಕೆ ಸುಮಾರು 1000 ವ್ಯಾಟ್ ಶಕ್ತಿ ಸುರಿಯುತ್ತದೆ. ಅಂಗೈಯಗಲದ ನಮ್ಮ ಪ್ಯಾನೆಲ್ ಮೇಲೆ ಬೀಳುವುದು ಆರೇಳು ವ್ಯಾಟ್, ಅದರಲ್ಲಿ ಕರೆಂಟಾಗುವುದು ಒಂದೇ ವ್ಯಾಟ್. ಮನೆಯ 9 ವ್ಯಾಟಿನ ಎಲ್‌ಇಡಿ ಬಲ್ಬಿಗೂ ಸಾಲದು!

ಆದರೂ ದೋಣಿ ನಡೆಯಿತು. ಎರಡು ಮೀಟರ್ ಉದ್ದದ ತೊಟ್ಟಿ ದಾಟಲು 20 ಸೆಕೆಂಡು.

ಮೊದಲ ಪರೀಕ್ಷೆ ನೆರಳಿನದು. ಪ್ಯಾನೆಲ್ಲಿನ ಒಂದೇ ಒಂದು ಪಟ್ಟಿಯನ್ನು ಬೆರಳಿನಿಂದ ಪೂರ್ತಿ ಮುಚ್ಚಿದಳು. ಫ್ಯಾನು ನಿಂತೇ ಹೋಯಿತು. ಪಟ್ಟಿಗಳೆಲ್ಲ ಸರಪಳಿಯಂತೆ ಒಂದಕ್ಕೊಂದು ಜೋಡಿಸಿರುತ್ತವೆ. ನೀರಿನ ಪೈಪನ್ನು ಎಲ್ಲಿ ಒಂದು ಕಡೆ ಅದುಮಿದರೂ ನೀರು ನಿಲ್ಲುವ ಹಾಗೆ, ಒಂದು ಪಟ್ಟಿಗೆ ಕತ್ತಲಾದರೆ ಎಲ್ಲದಕ್ಕೂ ತಡೆ.

ಎರಡನೆಯದು ವೇಗದ ಪರೀಕ್ಷೆ. “ತಾತ, ಇನ್ನೊಂದು ಪ್ಯಾನೆಲ್ ಹಾಕಿದರೆ ಹತ್ತೇ ಸೆಕೆಂಡು!” ಎಂದಳು. ಹಾಕಿದೆವು. ಮೂರು ಸಲ ಓಡಿಸಿದರೂ 16ಕ್ಕಿಂತ ಕೆಳಗೆ ಇಳಿಯಲಿಲ್ಲ. ಅವಳ ಮುಖ ಸಪ್ಪಗಾಯಿತು.

“ತೊಟ್ಟಿಗೆ ಕೈಹಾಕಿ ನಿಧಾನವಾಗಿ ಆಡಿಸು. ಈಗ ಜೋರಾಗಿ” ಎಂದೆ. ಜೋರಾದಷ್ಟೂ ನೀರು ಎದುರು ನಿಲ್ಲುತ್ತದೆ. ವೇಗ ಎರಡರಷ್ಟಾದರೆ ನೀರಿನ ತಡೆ ಸುಮಾರು ನಾಲ್ಕರಷ್ಟು. ಅಷ್ಟು ತಡೆಯನ್ನು ಅರ್ಧ ಸಮಯದಲ್ಲೇ ದಾಟಬೇಕಲ್ಲ, ಹಾಗಾಗಿ ಬೇಕಾಗುವ ವ್ಯಾಟ್ ಎಂಟರಷ್ಟು. ಹತ್ತು ಸೆಕೆಂಡಿಗೆ ಎರಡಲ್ಲ, ಎಂಟು ಪ್ಯಾನೆಲ್ ಬೇಕು!

ಅವಳು ಸ್ವಲ್ಪ ಹೊತ್ತು ಯೋಚಿಸಿ, “ಹಾಗಾದರೆ ಅರ್ಧ ವೇಗಕ್ಕೆ ಎಂಟನೇ ಒಂದು ಪಾಲು ಸಾಕು!” ಎಂದಳು. ನೀರಿನ ಮೇಲಿನ ಗುಟ್ಟೇ ಅದು. ನಿಧಾನವಾಗಿ ಹೋಗುವವರಿಗೆ ಚೂರು ಬಿಸಿಲೂ ದೊಡ್ಡದು.

ಮೂರನೆಯದು ಭಾರದ ಪರೀಕ್ಷೆ. ಒಂದೇ ಪ್ಯಾನೆಲ್ ಉಳಿಸಿಕೊಂಡು, ಐದು ರೂಪಾಯಿಯ ಹತ್ತು ನಾಣ್ಯಗಳನ್ನು ಸರಿಯಾಗಿ ನಡುವೆ ಹೇರಿದೆವು. 20 ಸೆಕೆಂಡು 22 ಆಯಿತು, ಅಷ್ಟೇ. ಓಟದ ಆಸೆ ಬಿಟ್ಟು ಅವಳು ಸಾಗಾಣಿಕೆ ಶುರುಮಾಡಿದಳು. ತೊಟ್ಟಿಯ ಆ ಬದಿಗೆ ಕೂತಿದ್ದ ಅಜ್ಜಿಗೆ ಮಧ್ಯಾಹ್ನವೆಲ್ಲ ಕಡಲೆಮಿಠಾಯಿ ಸರಬರಾಜು!

ದೊಡ್ಡವರ ದೋಣಿಯೂ ಇದೇ ಲೆಕ್ಕದಲ್ಲಿ ನಡೆಯುತ್ತದೆ. ಕೇರಳದ ವೇಂಬನಾಡು ಸರೋವರದಲ್ಲಿ, ವೈಕಂ ಮತ್ತು ತವಣಕ್ಕಡವು ನಡುವೆ, 2017ರ ಜನವರಿಯಲ್ಲಿ ‘ಆದಿತ್ಯ’ ಎಂಬ ಸೌರದೋಣಿ ಸಂಚಾರ ಆರಂಭಿಸಿತು. 75 ಜನ ಕೂರಬಹುದು. ನಮ್ಮ ಬಾಟಲಿ ದೋಣಿಯಂತೆ ಅದಕ್ಕೂ ಜೋಡಿ ಮೈ. ಚಾವಣಿಯ ತುಂಬ ಪ್ಯಾನೆಲ್. ಮೋಡ ಕವಿದಾಗ ನಡುನೀರಿನಲ್ಲಿ ನಿಲ್ಲಬಾರದೆಂದು ಬ್ಯಾಟರಿಯೂ ಇದೆ. ವೇಗ ಗಂಟೆಗೆ ಹತ್ತು ಕಿಲೋಮೀಟರಿನ ಆಸುಪಾಸು. ದಡ ಮುಟ್ಟಿಸಲು ಅಷ್ಟು ಸಾಕು.

ಎರಡು ಎಚ್ಚರಿಕೆ. ಬೆಸುಗೆ ಹಾಕುವುದು, ಬಿಸಿ ಅಂಟು ಹಚ್ಚುವುದು ದೊಡ್ಡವರ ಕೆಲಸ. ದೋಣಿಯನ್ನು ಟಬ್ಬಿನಲ್ಲಿ ಅಥವಾ ಮೊಣಕಾಲಿಗಿಂತ ಕಡಿಮೆ ನೀರಿನ ತೊಟ್ಟಿಯಲ್ಲಿ ಬಿಡಿ, ಅಜ್ಜನೋ ಅಜ್ಜಿಯೋ ಪಕ್ಕದಲ್ಲಿರಲಿ. ಕೆರೆ, ಬಾವಿ, ಕಾಲುವೆ ಖಂಡಿತ ಬೇಡ. ದೋಣಿ ಹೋದರೆ ಇನ್ನೊಂದು ಮಾಡಬಹುದು, ಹಿಂದೆ ಇಳಿಯಬೇಡಿ.

ಈಗ ನಿಮಗೊಂದು ಕೆಲಸ. ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ನಾಲ್ಕಕ್ಕೆ ನಿಮ್ಮ ದೋಣಿ ಎಷ್ಟು ಸೆಕೆಂಡು ತೆಗೆದುಕೊಂಡಿತೆಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಗಡಿಯಾರ ಹಿಡಿಯುವ ಕೆಲಸ ಅಜ್ಜಿಯದು!