ಬಂಡೆ ಕಲಿಸಿದ ಪಾಠ: 9.1 ಬಂದರೆ 9.1 ಎಂದೇ ಬರೆಯೋಣ

ಕಳೆದ ತಿಂಗಳು ಫಿಸಿಕ್ಸ್ ಲ್ಯಾಬ್‌ನಲ್ಲಿ ಸರಳ ಲೋಲಕದ ಪ್ರಯೋಗ ಮಾಡಿದೆ. ಉತ್ತರ 9.8 ಬರಬೇಕಿತ್ತು, ನನಗೆ 9.1 ಬಂತು. ಸಮಯದ ಅಂಕಿಗಳನ್ನು ತಿದ್ದಿ 9.8 ಮಾಡಿದೆ. ರೆಕಾರ್ಡ್‌ಗೆ ಪೂರ್ತಿ ಅಂಕ ಸಿಕ್ಕಿತು. ಅದೇ ವಾರ ಭೀಮ್‌ಬೇಟ್ಕಾದ ಬಂಡೆಯ ಸುದ್ದಿ ಓದಿ ನಾಚಿಕೆಯಾಯಿತು.

ಭೋಪಾಲ್ ಸಮೀಪದ ಭೀಮ್‌ಬೇಟ್ಕಾ ಗುಹೆಗಳು ಆದಿಮಾನವರ ಚಿತ್ರಗಳಿಗೆ ಪ್ರಸಿದ್ಧ. ಗುಹೆಯ ಗೋಡೆಗಳು ಮರಳುಗಲ್ಲಿನವು. ವಿಂಧ್ಯ ಪ್ರದೇಶದಲ್ಲಿ ಒಂದು ಕಾಲಕ್ಕೆ ಆಳವಿಲ್ಲದ ಕಡಲಿತ್ತು. ಅದರ ತೀರದ, ನದಿಗಳ ಮತ್ತು ಗಾಳಿ ತಂದ ಮರಳು ಪದರ ಪದರವಾಗಿ ಕಲ್ಲಾಗಿದೆ.

ಇಂಥ ಕಲ್ಲನ್ನು ಓದುವ ಅಕ್ಷರಮಾಲೆ ನಮ್ಮ ಕಡಲತೀರದಲ್ಲೇ ಇದೆ. ಇಳಿತದ ಹೊತ್ತಿನಲ್ಲಿ ಮರಳಿನ ಮೇಲೆ ಉಳಿಯುವ ಸಣ್ಣ ಏರುಗಳನ್ನು ನೋಡಿ. ಎರಡೂ ಬದಿಗೆ ಸಮನಾದ ಇಳಿಜಾರಿದ್ದರೆ ಅದು ಹೋಗಿ ಬರುವ ಅಲೆಯ ಕೆಲಸ. ಒಂದು ಬದಿ ಮಾತ್ರ ಕಡಿದಾಗಿದ್ದರೆ ನೀರು ಆ ಕಡೆಗೆ ಹರಿದಿದೆ. ಓರೆ ಪದರಗಳು ಒಂದರ ಮೇಲೊಂದು ವಿರುದ್ಧ ದಿಕ್ಕಿಗೆ ವಾಲಿದ್ದರೆ ಉಬ್ಬರವಿಳಿತ ಇದ್ದಿರಬಹುದು. ಆದರೆ ಕೆರೆಯಲ್ಲೂ ಅಲೆ ಏಳುತ್ತದೆ. ಹಾಗಾಗಿ ಒಂದೇ ಗುರುತು ಹಿಡಿದು 'ಇದು ಕಡಲು' ಎನ್ನುವಂತಿಲ್ಲ.

2021ರಲ್ಲಿ ಅಮೆರಿಕದ ಗ್ರೆಗರಿ ರೆಟಲಾಕ್ ಮತ್ತು ಸಂಗಡಿಗರು ಈ ಗುಹೆಯ ಗೋಡೆಯ ಮೇಲೆ ಸುಮಾರು 55 ಕೋಟಿ ವರ್ಷ ಹಿಂದಿನ ಡಿಕಿನ್‌ಸೋನಿಯಾ ಎಂಬ ಜೀವಿಯ ಪಳೆಯುಳಿಕೆ ಇದೆ ಎಂದು ಪ್ರಕಟಿಸಿದರು. ಅದು ನಿಜವಾಗಿದ್ದರೆ ಕಲ್ಲಿನ ವಯಸ್ಸೂ ಅಷ್ಟೇ ಎನ್ನಬೇಕಿತ್ತು. ಬೇರೆಯವರ ಲೆಕ್ಕದಲ್ಲಿ ಅದರ ವಯಸ್ಸು ಸುಮಾರು 100 ಕೋಟಿ ವರ್ಷ. ಫ್ಲಾರಿಡಾ ವಿಶ್ವವಿದ್ಯಾಲಯದ ಜೋಸೆಫ್ ಮೀರ್ಟ್ ತಂಡ ಮತ್ತೆ ಅಲ್ಲಿಗೇ ಹೋಗಿ ನೋಡಿತು. ಆ 'ಪಳೆಯುಳಿಕೆ' ಗೋಡೆಯಿಂದ ಕಿತ್ತು ಬರುತ್ತಿತ್ತು! ಅದು ಹಳೆಯ ಜೇನುಗೂಡಿನ ಅವಶೇಷ ಎಂದು 2023ರಲ್ಲಿ ಅವರು ಬರೆದರು. ರೆಟಲಾಕ್ ತಪ್ಪನ್ನು ಒಪ್ಪಿಕೊಂಡರು.

ಕೆಲವರು ಇದನ್ನು ವಿಜ್ಞಾನದ ಸೋಲು ಎನ್ನಬಹುದು. ನನಗೆ ಹಾಗನ್ನಿಸುವುದಿಲ್ಲ. ಮೊದಲ ತಂಡ ತಾನು ಕಂಡದ್ದನ್ನು, ಕಂಡ ಜಾಗವನ್ನು ಸರಿಯಾಗಿ ದಾಖಲಿಸಿತ್ತು. ಆದ್ದರಿಂದಲೇ ಇನ್ನೊಬ್ಬರು ಅಲ್ಲಿಗೆ ಹೋಗಿ ಪರೀಕ್ಷಿಸಲು ಸಾಧ್ಯವಾಯಿತು. ನನ್ನ ರೆಕಾರ್ಡ್ ಪುಸ್ತಕವನ್ನು ಯಾರು ಪರೀಕ್ಷಿಸಿದರೂ ಏನೂ ಸಿಗದು. ಅಲ್ಲಿ ನಾನು ನೋಡಿದ್ದೇ ಇಲ್ಲ, ಬರೀ ಉತ್ತರವಿದೆ.

'ಅಂಕ ಹೋದರೆ ಯಾರು ಕೊಡುತ್ತಾರೆ?' ಎಂದು ಗೆಳೆಯರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೇ ಉಪನ್ಯಾಸಕರಲ್ಲಿ ನನ್ನ ವಿನಂತಿ: 9.1 ಬರೆದು, ತಪ್ಪು ಎಲ್ಲಿ ಆಗಿರಬಹುದು ಎಂದು ಎರಡು ಸಾಲು ಸೇರಿಸಿದವರಿಗೂ ಅಂಕ ಕೊಡಿ. ಈ ವರ್ಷ ಪ್ರವಾಸ ಬಾದಾಮಿಗಾದರೆ ಫೋಟೋ ತೆಗೆದ ಮೇಲೆ ಅರ್ಧ ಗಂಟೆ ಗುಹೆಯ ಕಲ್ಲಿನ ಓರೆ ಗೆರೆಗಳನ್ನೂ ನೋಡೋಣ. ನದಿಯೋ ಕಡಲೋ, ಊಹಿಸಿ ಬರೆಯೋಣ. ತಪ್ಪಾದರೆ ತಿದ್ದಿಕೊಳ್ಳೋಣ.

ನನ್ನ ರೆಕಾರ್ಡ್‌ನ ಆ ಪುಟವನ್ನು ಮೊನ್ನೆ ಸರ್‌ಗೆ ತೋರಿಸಿದೆ. ಪ್ರಯೋಗವನ್ನು ಮತ್ತೆ ಮಾಡಬೇಕಂತೆ. ಮಾಡುತ್ತೇನೆ.